ನಕ್ಷೆಯ ಚೌಕ, ನೀರಿನ ದಾರಿ

ಮರುಭೂಮಿಯೆಂದೊಡನೆ ನಿಮಗೆ ಸುಡುವ ಮರಳೂ ಒಂಟೆಗಳ ಸಾಲೂ ನೆನಪಾಗಬಹುದು. ಅಮೆರಿಕದ ಒರೆಗಾನ್ ಸಂಸ್ಥಾನದ ಆಗ್ನೇಯ ಭಾಗದಲ್ಲಿರುವ ಹಾರ್ನಿ ಜಿಲ್ಲೆ ಅಂಥದಲ್ಲ. ಅದು ಬಹುಮಟ್ಟಿಗೆ ನಾಲ್ಕು ಸಾವಿರ ಅಡಿಗಳಿಗೂ ಮೇಲಿರುವ, ಚಳಿಗಾಲದಲ್ಲಿ ಹಿಮ ಬೀಳುವ ಮರುಭೂಮಿ. ವಿಸ್ತಾರ ಹತ್ತು ಸಾವಿರ ಚದರ ಮೈಲಿಗೂ ಹೆಚ್ಚು. 2020ರ ಜನಗಣತಿಯಂತೆ ಜನಸಂಖ್ಯೆ ಕೇವಲ 7,495. ಅಲ್ಲಿನವರ ಮುಖ್ಯ ಕಸುಬು ದನಗಳ ಸಾಕಣೆ. ಮನೆಗಳು ಎಷ್ಟು ದೂರ ದೂರವೆಂದರೆ, ಕ್ರೇನ್ ಎಂಬ ಊರಿನ ಸರ್ಕಾರಿ ಪ್ರೌಢಶಾಲೆಯ ಅನೇಕ ಮಕ್ಕಳು ವಾರವೆಲ್ಲ ಶಾಲೆಯ ವಸತಿಗೃಹದಲ್ಲಿಯೇ ಉಳಿಯುತ್ತಾರೆ.

ಈ ನಾಡಿನ ಜೀವನಾಡಿ ಸ್ಟೀನ್ಸ್ ಪರ್ವತ. ಎತ್ತರ 9,733 ಅಡಿ. ಪಶ್ಚಿಮಕ್ಕೆ ಅದು ಮೆಲ್ಲಮೆಲ್ಲನೆ ಇಳಿಯುತ್ತದೆ. ಪೂರ್ವಕ್ಕೆ ಒಮ್ಮೆಲೇ ಕಡಿದಾಗಿ ಇಳಿದು, ಆಲ್ವರ್ಡ್ ಎಂಬ ಒಣಗಿದ ಕೆರೆಯಂಗಳದ ಬಳಿ ನಿಲ್ಲುತ್ತದೆ. ಪಶ್ಚಿಮದ ಹಿಮ ಕರಗಿ ಹರಿಯುವ ಹೊಳೆಗೆ ಜರ್ಮನ್ ಭಾಷೆಯಲ್ಲಿ 'ಗುಡುಗು ಮಿಂಚು' ಎಂಬರ್ಥದ ಹೆಸರು. ಅದು ಸಮುದ್ರವನ್ನು ಸೇರದೆ ಮಲ್ಹ್ಯೂರ್ ಸರೋವರದಲ್ಲಿ ಲೀನವಾಗುತ್ತದೆ. ಮಳೆ ಹಿಮಗಳ ಹೆಚ್ಚುಕಡಿಮೆಗೆ ತಕ್ಕಂತೆ ಸರೋವರದ ಅಂಚು ಮೈಲಿಗಟ್ಟಲೆ ಹಿಗ್ಗುತ್ತದೆ, ಕುಗ್ಗುತ್ತದೆ.

ಇಂಥ ನೆಲದ ಮೇಲೆ ಸರ್ಕಾರ ಎಳೆದದ್ದು ನೇರ ಗೆರೆ. 1785ರ ಕಾನೂನಿನಂತೆ ನೆಲವನ್ನು ಆರು ಮೈಲಿಯ ಚೌಕಗಳಾಗಿ, ಪ್ರತಿ ಚೌಕವನ್ನೂ 36 ತುಂಡುಗಳಾಗಿ ಅಳೆಯಲಾಯಿತು. 1862ರ ಕಾನೂನು ಒಕ್ಕಲಿಗೆ 160 ಎಕರೆ ಕೊಟ್ಟಿತು. ಮಳೆಯ ಸೀಮೆಯಲ್ಲಿ ಅದು ಸಂಸಾರಕ್ಕೆ ಸಾಕು. ಇಲ್ಲಿ ಬೆರಳೆಣಿಕೆಯ ದನಗಳ ಮೇವಿಗೂ ಸಾಲದು. ಹೊಳೆಯ ದಡ ಯಾರದೋ ಸುತ್ತಲಿನ ಬಯಲೂ ಅವರದೇ ಆಯಿತು. 1872ರಲ್ಲಿ ಕ್ಯಾಲಿಫೋರ್ನಿಯದಿಂದ ಹಿಂಡು ಹೊಡೆದುಕೊಂಡು ಬಂದ ಪೀಟರ್ ಫ್ರೆಂಚ್ ದೊಡ್ಡ ದನದೊಡೆಯನಾದ. 1897ರಲ್ಲಿ ನೆಲದ ವ್ಯಾಜ್ಯದಲ್ಲಿ ಒಬ್ಬ ಒಕ್ಕಲಿಗನ ಗುಂಡಿಗೆ ಬಲಿಯಾದ. ಮೂಲನಿವಾಸಿಗಳಾದ ಪಾಯೂಟ್ ಜನರಿಗಂತೂ ನಕ್ಷೆಯಲ್ಲಿ ಕೊಟ್ಟ ಮೀಸಲು ನೆಲ 1878ರ ಯುದ್ಧದ ಬಳಿಕ ಉಳಿಯಲೇ ಇಲ್ಲ.

ಅದೇ 1878ರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಸರ್ಕಾರಕ್ಕೆ ವರದಿ ಒಪ್ಪಿಸಿದ. ಒಣನಾಡಿನಲ್ಲಿ ದನ ಸಾಕುವವನಿಗೆ 2,560 ಎಕರೆ ಬೇಕು. ಚೌಕದ ಹಟ ಬಿಟ್ಟು, ಪ್ರತಿಯೊಬ್ಬನಿಗೂ ನೀರು ಸಿಗುವಂತೆ ಎಲ್ಲೆಗಳನ್ನು ಗುರುತಿಸಬೇಕು ಎಂಬುದು ಅವನ ಸಲಹೆ. ಅದನ್ನು ಯಾರೂ ಕೇಳಲಿಲ್ಲ. 1909ರಲ್ಲಿ 320 ಎಕರೆಯ ಕಾನೂನು ಬಂತು. ಅದನ್ನು ನಂಬಿ ಒಣನೆಲ ಉತ್ತವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಮನೆಗಳನ್ನು ಪಾಳುಬಿಟ್ಟು ಹೊರಟುಹೋದರು.

ಅಳತೆಯಲ್ಲಿ ತಪ್ಪಿರಲಿಲ್ಲ, ಅಳೆಯಬೇಕಾದುದನ್ನು ಅಳೆಯಲಿಲ್ಲ, ಅಷ್ಟೆ. ನೀವು ಮನೆಯ ಮಕ್ಕಳಿಗೆ ಭೂಪಟ ತೋರಿಸುವಾಗ ಎಲ್ಲೆಗಳ ಬಣ್ಣವನ್ನು ಆಮೇಲೆ ತೋರಿಸಿ. ನೀರು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆಂದು ಮೊದಲು ಕೇಳಿ.