ಎಂಬಕಸಿಯ ಶನಿವಾರದ ಹೆಣಿಗೆ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆ ಹತ್ತಿ ಮಾತನಾಡಿ ರೂಢಿಯಿದ್ದವರಲ್ಲ ನಾವು. ಕಾರ್ಯದರ್ಶಿಗಳು ಫೋನ್ ಮಾಡಿ, "ನಿಮ್ಮ ಹೆಣಿಗೆಯ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಎಲ್ಲರೂ ಕೂತು ಬರೆಯುವುದು, ಗಂಟಲು ಗಟ್ಟಿಯಿರುವವರೊಬ್ಬರು ಓದುವುದು ಎಂದು ತೀರ್ಮಾನವಾಯಿತು. ಆದ್ದರಿಂದ ಈಗ ಕೇಳುತ್ತಿರುವ ದನಿ ಒಂದಾದರೂ ಮಾತು ಒಂಬತ್ತು ಜನರದು. ತಪ್ಪಿದ್ದರೆ ಒಂಬತ್ತು ಪಾಲು ಮಾಡಿ ಬೈಯಿರಿ.

ಆಫ್ರಿಕದಲ್ಲಿ ಸ್ವೆಟರ್ ಯಾಕೆ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದೀರಿ, ಬೆಂದು ಹೋಗುವುದಿಲ್ಲವೇ ಎನ್ನುತ್ತಾರೆ. ಎಂಬಕಸಿಯ ನಮ್ಮ ವಿಮಾನ ನಿಲ್ದಾಣವಿರುವ ನೆಲ ಸಮುದ್ರಮಟ್ಟದಿಂದ ಸುಮಾರು 1,620 ಮೀಟರ್ ಎತ್ತರದಲ್ಲಿದೆ. ನಮ್ಮ ಮಡಿಕೇರಿಗಿಂತ ಎತ್ತರ! ಜೂನ್‌ನಿಂದ ಆಗಸ್ಟ್‌ವರೆಗೆ ದಿನಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ರಾತ್ರಿ ಹನ್ನೊಂದು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಕೆನ್ಯಾದ ಶಾಲಾ ಮಕ್ಕಳ ಸಮವಸ್ತ್ರದಲ್ಲಿ ಸ್ವೆಟರ್ ಇಲ್ಲದ ಶಾಲೆಯನ್ನು ನಾವಂತೂ ಕಂಡಿಲ್ಲ. ಇದನ್ನೆಲ್ಲ ವಿವರಿಸಿದರೂ ಹುಬ್ಬಳ್ಳಿಯ ನಮ್ಮ ಬಂಧುಗಳು ನಂಬುವುದಿಲ್ಲ, ಅದು ಬೇರೆ ಮಾತು.

ನಮ್ಮ ಬಳಗ ಶುರುವಾದದ್ದು 2016ರ ಜೂನ್ ಚಳಿಯಲ್ಲಿ. ಧಾರವಾಡದ ಅಕ್ಕ ಒಬ್ಬರು ನಮ್ಮ ಫ್ಲಾಟಿನ ಮೆಟ್ಟಿಲ ಮೇಲೆ ಕೂತು ಮೊಮ್ಮಗುವಿಗೆ ಕುಲಾವಿ ಹೆಣೆಯುತ್ತಿದ್ದರು. ಹೋಗಿ ಬರುವವರು ನಿಂತು ನೋಡಿದೆವು. ನಮ್ಮಲ್ಲಿ ಕೆಲವರಿಗೆ ಕಡ್ಡಿ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಅರ್ಧ ಹೆಣೆದ ಮಫ್ಲರ್ ಎಲ್ಲೋ ಅಟ್ಟದ ಮೇಲೆ ಉಳಿದಿತ್ತು. ಕೈ ಮರೆತಿರಲಿಲ್ಲ. ಒಂದು ಸೀದಾ, ಒಂದು ಉಲ್ಟಾ. ಮುಂದಿನ ಶನಿವಾರ ಐವರಾದೆವು. ಪಕ್ಕದ ಬ್ಲಾಕಿನ ಗುಜರಾತಿ ಬಾ ಕೂಡ ಬಂದು ಕೂತರು. ಅವರು ಹುಟ್ಟಿದ್ದೇ ನೈರೋಬಿಯಲ್ಲಿ, ಅವರ ಅಜ್ಜ ಬಂದದ್ದು ರೈಲು ಹಳಿ ಹಾಕಿದ ಕಾಲದಲ್ಲಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಹಾಕಿದ ಆ ಹಳಿಗಾಗಿ ಹಿಂದೂಸ್ಥಾನದಿಂದ ಬಂದ ಕೂಲಿಗಳು ಮೂವತ್ತು ಸಾವಿರಕ್ಕೂ ಹೆಚ್ಚು ಎಂಬುದು ನಿಮಗೆಲ್ಲ ಗೊತ್ತು. ಕನ್ನಡ ಬಾರದ ಬಾ ಇಂದಿಗೂ ನಮ್ಮ ಬಳಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೆಣೆಯುವವರು. ಬಿಯಾಷರಾ ಸ್ಟ್ರೀಟಿಗೆ ಉಲ್ಲನ್ ತರಲು ಹೋದರೆ ಅವರು ಅದನ್ನು ಈಗಲೂ ಹಳೆಯ ಹೆಸರಿನಿಂದ ಬಜಾರ್ ಸ್ಟ್ರೀಟ್ ಎಂದೇ ಕರೆಯುತ್ತಾರೆ.

ಮೊದಲ ವರ್ಷ ನಮ್ಮ ನಮ್ಮ ಮನೆಗೇ ಹೆಣೆದೆವು. ಮಕ್ಕಳಿಗೆ ಕಾಲುಚೀಲ, ಊರಲ್ಲಿರುವ ಅತ್ತೆಯವರಿಗೆ ಶಾಲು, ಯಜಮಾನರುಗಳಿಗೆ ತೋಳಿಲ್ಲದ ಸ್ವೆಟರ್. (ಅವರು ಅದನ್ನು ಹಾಕಿಕೊಳ್ಳುವುದು ನಾವು ಕೇಳಿದಾಗ ಮಾತ್ರ.) ಉಲ್ಲನ್ ದುಬಾರಿ ಎನಿಸಿದಾಗ ಗಿಕೊಂಬಾ ಮಾರುಕಟ್ಟೆಯ ಮಿತುಂಬಾ ರಾಶಿಯಿಂದ, ಅಂದರೆ ಹೊರದೇಶಗಳಿಂದ ಬರುವ ಹಳೆಯ ಬಟ್ಟೆಗಳ ರಾಶಿಯಿಂದ, ಒಳ್ಳೆಯ ಉಣ್ಣೆಯ ಸ್ವೆಟರ್ ಆರಿಸಿ ತಂದು ಬಿಚ್ಚುತ್ತಿದ್ದೆವು. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಒದ್ದೆ ಮಾಡಿ, ಒಣಗಿಸಿದರೆ ಸುರುಳಿ ಬಿಡುತ್ತದೆ. ಕೊಳ್ಳುವಾಗ ಒಳಮೈಯ ಹೊಲಿಗೆ ನೋಡಬೇಕು: ಕತ್ತರಿಸಿ ಹೊಲಿದದ್ದಾದರೆ ಬಿಚ್ಚಿದಾಗ ಗೇಣುದ್ದದ ತುಂಡುಗಳೇ ಸಿಗುತ್ತವೆ. ಇದನ್ನು ಕಲಿಯಲು ನಾವು ಮೂರು ಸ್ವೆಟರ್ ಹಾಳು ಮಾಡಿದ್ದೇವೆ. 2017ರ ಆಗಸ್ಟ್‌ನಲ್ಲಿ ಸರಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ನಮ್ಮ ಉಲ್ಲನ್ ಉಂಡೆಗಳೆಲ್ಲ ಕಿಯೊಂಡೊ ಬುಟ್ಟಿಗೆ ಬಂದವು. ಕಾಂಬಾ, ಕಿಕುಯು ಹೆಂಗಸರು ಕತ್ತಾಳೆ ನಾರಿನಲ್ಲಿ ಹೆಣೆಯುವ ಆ ಬುಟ್ಟಿಯ ಕೆಲಸ ನೋಡಿದರೆ ನಮ್ಮದು ಏನೂ ಅಲ್ಲ ಎನಿಸುತ್ತದೆ.

ಈಗ ನಿಜಕ್ಕೂ ಹೇಳಬೇಕಾದ ಸಂಗತಿಗೆ ಬರುತ್ತೇವೆ. ಇದನ್ನು ಹೇಳಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆಯಾಯಿತು.

ಮನೆಮಂದಿಗೆಲ್ಲ ಹೆಣೆದು ಮುಗಿದ ಮೇಲೆ ಏನಾದರೂ ಸಮಾಜಸೇವೆ ಮಾಡೋಣ ಎನಿಸಿತು. ಹತ್ತಿರದ ಪ್ರಾಥಮಿಕ ಶಾಲೆಯೊಂದರ ಮಕ್ಕಳಿಗೆ 2018ರ ಜನವರಿಯಲ್ಲಿ, ಇಲ್ಲಿನ ಶಾಲಾ ವರ್ಷ ಆರಂಭವಾಗುವಾಗ, ನಲವತ್ತು ಸ್ವೆಟರ್ ಕೊಟ್ಟೆವು. ಮರೂನ್ ಬಣ್ಣ, ಕೊರಳಿಗೆ ಎರಡು ಹಳದಿ ಗೆರೆ. ಎಂಟು ತಿಂಗಳ ಕೆಲಸ. ಮಕ್ಕಳು ಹಾಡು ಹೇಳಿದರು, ನಾವು ಫೋಟೋ ತೆಗೆಸಿಕೊಂಡೆವು. ಆ ಫೋಟೋ ನಿಮ್ಮಲ್ಲಿ ಹಲವರು ನೋಡಿದ್ದೀರಿ, ಮೆಚ್ಚಿಯೂ ಇದ್ದೀರಿ.

ಮುಂದಿನ ತಿಂಗಳು ನಮ್ಮಲ್ಲಿಬ್ಬರು ಮಾರುಕಟ್ಟೆಗೆ ಗುಂಡಿ ತರಲು ಹೋದರು. ಒಂದು ತಗಡಿನ ಅಂಗಡಿಯಲ್ಲಿ, ಕೈಯಿಂದ ಎಳೆಯುವ ಹೆಣಿಗೆ ಯಂತ್ರದ ಪಕ್ಕ, ಮರೂನ್ ಸ್ವೆಟರ್‌ಗಳ ರಾಶಿ. ಕೊರಳಿಗೆ ಎರಡು ಹಳದಿ ಗೆರೆ. ಯಂತ್ರದ ಹಿಂದಿದ್ದ ಹೆಂಗಸು ನಮ್ಮವರ ಕಿಯೊಂಡೊದಲ್ಲಿದ್ದ ಉಲ್ಲನ್ ನೋಡಿ ಕೇಳಿದರು: "ಶಾಲೆಗೆ ಸ್ವೆಟರ್ ಕೊಟ್ಟ ವಹಿಂದಿ ಅಮ್ಮಂದಿರು ನೀವೇನಾ?"

ಪ್ರತಿ ವರ್ಷ ಆ ಶಾಲೆಯ ಮಕ್ಕಳು ಸ್ವೆಟರ್ ಕೊಳ್ಳುತ್ತಿದ್ದದ್ದು ಅವರಿಂದ. ಡಿಸೆಂಬರ್‌ನಲ್ಲೇ ಸಾಲಕ್ಕೆ ಉಲ್ಲನ್ ತಂದು ಹೆಣೆದಿಟ್ಟಿದ್ದರು. ಹತ್ತಿಪ್ಪತ್ತು ಮಾರಾಟವಾಗಿತ್ತು, ಉಳಿದ ಮನೆಗಳಿಗೆ ನಾವು ಪುಕ್ಕಟೆ ಹಂಚಿ ಬಂದಿದ್ದೆವು. ಆಕೆ ಜಗಳವಾಡಲಿಲ್ಲ. ಕೂರಲು ಸ್ಟೂಲು ಎಳೆದು ಹಾಕಿ ಚಹಾ ತರಿಸಿದರು. ಜಗಳವಾಡಿದ್ದರೆ ಸುಲಭವಾಗುತ್ತಿತ್ತು ಎಂದು ಆ ಇಬ್ಬರೂ ಇಂದಿಗೂ ಹೇಳುತ್ತಾರೆ.

ಆ ಶನಿವಾರ ನಮ್ಮಲ್ಲಿ ದೊಡ್ಡ ವಾದವೇ ನಡೆಯಿತು. ದಾನಕ್ಕೆ ಕೊಟ್ಟದ್ದರಲ್ಲಿ ತಪ್ಪೇನು, ಸ್ವೆಟರ್ ಇಲ್ಲದ ಮಕ್ಕಳೂ ಇದ್ದರಲ್ಲ ಎಂದರು ಕೆಲವರು. ಇದ್ದರು, ನಿಜ. ಆದರೆ ಯಾರಿಗಿಲ್ಲ ಎಂದು ನಾವು ಕೇಳಿರಲಿಲ್ಲ. ಫೋಟೋಗೆ ಸಾಲು ಚೆನ್ನಾಗಿ ಕಾಣಲಿ ಎಂದು ಇಡೀ ತರಗತಿಗೆ ಕೊಟ್ಟಿದ್ದೆವು. ಉಳಿದ ಸ್ವೆಟರ್‌ಗಳನ್ನೆಲ್ಲ ನಾವೇ ಕೊಂಡುಬಿಡೋಣ ಎಂದು ಹಣ ಕೂಡಿಸಿಕೊಂಡು ಹೋದೆವು. ಆಕೆ ಒಪ್ಪಲಿಲ್ಲ. "ಸ್ವೆಟರ್ ಟೊಮೆಟೊ ಅಲ್ಲ, ಕೊಳೆಯುವುದಿಲ್ಲ. ಬರುವ ವರ್ಷ ಮಾರುತ್ತೇನೆ. ನೀವು ಮಾತ್ರ ಬರುವ ವರ್ಷ ಹೆಣೆಯಬೇಡಿ" ಎಂದರು. ಉಲ್ಲನ್ ಸಾಲದ ಬಾಬ್ತು ಮಾತ್ರ, ನಮ್ಮ ಒತ್ತಾಯಕ್ಕೆ, ಕೈಗಡವಾಗಿ ತೆಗೆದುಕೊಂಡರು. ಆಗಸ್ಟ್‌ನೊಳಗೆ ಪೈಸೆ ಬಿಡದೆ ಹಿಂತಿರುಗಿಸಿದರು.

ಕೊನೆಯ ಕಂತು ಕೊಡಲು ಬಂದ ದಿನ ಶನಿವಾರ. ಯಂತ್ರದಲ್ಲಿ ದಿನಕ್ಕೆ ಎಷ್ಟೋ ಸ್ವೆಟರ್ ಎಳೆಯುವ ಆಕೆಗೆ ನಾಲ್ಕು ಕಡ್ಡಿಯಲ್ಲಿ ದುಂಡಗೆ ಹೆಣೆಯುವುದು ಗೊತ್ತಿರಲಿಲ್ಲ. ಬಾ ಕೈಯಲ್ಲಿದ್ದ ಕಾಲುಚೀಲವನ್ನೇ ನೋಡುತ್ತ ಕೂತರು. ಮರುವಾರವೂ ಬಂದರು. ನಾವು ಅವರನ್ನು ಮಾಮಾ ಸ್ವೆಟಾ ಎನ್ನುತ್ತೇವೆ. ಅವರು ನಮ್ಮನ್ನೆಲ್ಲ ಕನ್ನಡದಲ್ಲೇ ಅಕ್ಕ ಎನ್ನುತ್ತಾರೆ. ಬಾ ಅವರನ್ನೂ ಅಕ್ಕ ಎನ್ನುತ್ತಾರೆ, ಎಂಬತ್ತರ ಬಾಗೆ ಅದು ಬಹಳ ಇಷ್ಟ.

ಕುಲಾವಿಯ ಮಾತು ಎತ್ತಿದ್ದು ಮಾಮಾ ಸ್ವೆಟಾ. ಅವರ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಆಸ್ಪತ್ರೆಯಲ್ಲಿ ಕೂಸಿನ ತಲೆಗೆ ಹಾಕಲು ಅಳತೆಯ ಟೋಪಿ ಸಿಗದೆ ಕಾಲುಚೀಲ ಕತ್ತರಿಸಿ ಗಂಟು ಹಾಕಿ ತೊಡಿಸಿದ್ದರಂತೆ. "ಇಂಥ ಕೋಫಿಯಾ ಯಾರೂ ಮಾರುವುದಿಲ್ಲ. ಇಷ್ಟು ಚಿಕ್ಕದು ಹೆಣೆದರೆ ಯಾರ ಅನ್ನವೂ ಹೋಗುವುದಿಲ್ಲ" ಎಂದರು. ನಮಗೆ ನಾಚಿಕೆಯೂ ಆಯಿತು, ದಾರಿಯೂ ಸಿಕ್ಕಿತು.

ಮೊದಲ ಕಂತಿನ ಅರವತ್ತು ಕುಲಾವಿಗಳನ್ನು ಊರ ರೀತಿಯಲ್ಲೇ ಮಾಡಿದೆವು: ಗಲ್ಲದ ಕೆಳಗೆ ಕಟ್ಟಲು ರಿಬ್ಬನ್, ನೆತ್ತಿಗೆ ಕುಚ್ಚು, ನಯವಾದ ರೋಮದಂಥ ಉಲ್ಲನ್. ಆಸ್ಪತ್ರೆಯ ಸಿಸ್ಟರ್ ಒಂದೊಂದನ್ನೂ ಬೆರಳಲ್ಲಿ ಅಗಲಿಸಿ ನೋಡಿ ಐವತ್ತೆರಡನ್ನು ಹಿಂದಕ್ಕೆ ಕೊಟ್ಟರು. ರಿಬ್ಬನ್ ಕೊರಳಿಗೆ ಸುತ್ತೀತು. ಕುಚ್ಚು ಇದ್ದರೆ ಕೂಸನ್ನು ಮಲಗಿಸಲಾಗದು. ರೋಮ ಮೂಗಿಗೆ ಹೋದೀತು. ಎಲ್ಲಕ್ಕಿಂತ ಮುಖ್ಯ, ಅಳತೆ ದೊಡ್ಡದು. ದಿನ ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ 34-35 ಸೆಂಟಿಮೀಟರ್. ಮೂವತ್ತನೆಯ ವಾರಕ್ಕೆ ಹುಟ್ಟಿದ್ದರೆ 27-28. ನಾವು ಚಕೋತಕ್ಕೆ ಹೆಣೆದಿದ್ದೆವು, ಬೇಕಾಗಿದ್ದದ್ದು ಕಿತ್ತಳೆಗೆ. ಅಂದಿನಿಂದ ನಮ್ಮ ಮೇಜಿನ ಮೇಲೆ ಸದಾ ಒಂದು ದೊಡ್ಡ ಕಿತ್ತಳೆಹಣ್ಣು ಇರುತ್ತದೆ. ಹೆಣೆದದ್ದನ್ನು ಅದಕ್ಕೆ ತೊಡಿಸಿ ನೋಡುತ್ತೇವೆ. ಮೀಟಿಂಗ್ ಮುಗಿದ ಮೇಲೆ ಮಕ್ಕಳು ಅದನ್ನು ತಿನ್ನುತ್ತಾರೆ.

ಆ ಸಿಸ್ಟರ್ ತಾಳ್ಮೆಯಿಂದ ಹೇಳಿಕೊಟ್ಟದ್ದು ಇಷ್ಟು. ಪುಟ್ಟ ಕೂಸಿನ ಮೈಯ ಒಟ್ಟು ಮೇಲ್ಮೈಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ತಲೆಯೇ. ಶಾಖ ಅಲ್ಲಿಂದ ಹೋಗುತ್ತದೆ. ಮೈ ತಣ್ಣಗಾದರೆ ತೂಕ ಏರುವುದಿಲ್ಲ. ದಿನ ತುಂಬದ ಮಕ್ಕಳನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಕಟ್ಟಿಡುವ ಕಾಂಗರೂ ಪದ್ಧತಿ ಇದೆ. ಅದನ್ನು 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಆರಂಭಿಸಿದರು. ಹುಟ್ಟಿದ ಕೂಡಲೇ ಇದನ್ನು ಶುರುಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿತು. ಆಗ ಕೂಸಿನ ಮೈಮೇಲೆ ಇರುವುದು ಲಂಗೋಟಿ, ಕಾಲುಚೀಲ ಮತ್ತು ಒಂದು ಟೋಪಿ ಅಷ್ಟೇ. ಉಳಿದ ಬಿಸಿಯೆಲ್ಲ ತಾಯಿಯದು. ನಮ್ಮ ಬಾಣಂತಿ ಕೋಣೆಯ ಅಜ್ಜಿಯರು ಕುಂಚಿಗೆ ಹಾಕದೆ ಕೂಸನ್ನು ಹೊರಗೆ ತರಲು ಬಿಡುತ್ತಿರಲಿಲ್ಲವಲ್ಲ, ಅವರಿಗೆ ಯಾವ ಸಂಸ್ಥೆಯೂ ಹೇಳಿರಲಿಲ್ಲ.

ಈಗ ನಮ್ಮ ಕುಲಾವಿ ಬಹಳ ಸಾದಾ. ಮೆತ್ತಗಿನ ಹತ್ತಿ ನೂಲು, ಉದ್ದ ರಿಬ್ ಅಂಚು, ಮಡಚಿದರೆ ಚಿಕ್ಕದು ಬಿಚ್ಚಿದರೆ ದೊಡ್ಡದು. ಒಳಗೆ ನೂಲಿನ ತುದಿ ಬಿಡುವಂತಿಲ್ಲ. ಬಿಸಿನೀರಿನಲ್ಲಿ ಒಗೆದು, ಒಣಗಿಸಿ ಕೊಡುತ್ತೇವೆ. ಎಷ್ಟು ಬೇಕೆಂದು ಮೊದಲೇ ಕೇಳುತ್ತೇವೆ. ಫೋಟೋ ತೆಗೆಸುವುದಿಲ್ಲ.

ಒಂದು ಸಲ ಸಂಜೆ ಕುಲಾವಿ ಕೊಡಲು ಹೋದಾಗ ವಾರ್ಡಿನ ಬಾಗಿಲಲ್ಲಿ ಒಬ್ಬ ತಂದೆ ನಿಂತಿದ್ದರು. ಕೈಯಲ್ಲಿ ನಾವು ಹಿಂದಿನ ವಾರ ಕೊಟ್ಟಿದ್ದ ಹಳದಿ ಕುಲಾವಿ. ನಮ್ಮವರು ಗುರುತು ಹಿಡಿದು ಮಗು ಹೇಗಿದೆ ಎಂದು ಕೇಳಿಬಿಟ್ಟರು. ಅವರು ತಲೆಯಾಡಿಸಿದರು. ಪೋಲೆ ಸಾನಾ ಎನ್ನುವುದನ್ನು ಬಿಟ್ಟು ನಮ್ಮವರ ಬಾಯಲ್ಲಿ ಬೇರೆ ಮಾತು ಬರಲಿಲ್ಲ. ಅವರು ಕುಲಾವಿ ಹಿಂದಕ್ಕೆ ಕೊಡಲು ಬಂದರು. ಸಿಸ್ಟರ್ ಅವರ ಕೈಯನ್ನು ಮುಚ್ಚಿ, ಇರಲಿ ಎಂದರು. ಆ ವಾರ ನಾವು ಯಾರೂ ಹೆಣೆಯಲಿಲ್ಲ. ಅದರ ಮರುವಾರ ಹೆಣೆದೆವು.

ಧಾರವಾಡದ ಅಕ್ಕನ ವಿಷಯ ಹೇಳದಿದ್ದರೆ ಈ ಭಾಷಣ ಪೂರ್ತಿಯಾಗದು. 2020ರ ಫೆಬ್ರವರಿಯಲ್ಲಿ ಮಗಳ ಎರಡನೆಯ ಬಾಣಂತನಕ್ಕೆಂದು ಊರಿಗೆ ಹೋದರು. ಮಾರ್ಚ್ 13ರಂದು ಕೆನ್ಯಾದಲ್ಲಿ ಕೊರೋನಾದ ಮೊದಲ ಪ್ರಕರಣ ಪ್ರಕಟವಾಯಿತು, 25ರಿಂದ ಪ್ರಯಾಣಿಕರ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಎಂಬಕಸಿಯಲ್ಲಿ ವಿಮಾನದ ಸದ್ದಿಲ್ಲ ಎಂದರೆ ಏನೆಂದು ಇಲ್ಲಿರುವವರಿಗೇ ಗೊತ್ತು, ನಿದ್ದೆ ಬರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ವಿಮಾನ ಮತ್ತೆ ಹಾರುವಷ್ಟರಲ್ಲಿ ಭಾವನವರ ಕೆಲಸದ ಕರಾರು ಮುಗಿದಿತ್ತು. ಅವರೂ ಮನೆ ಖಾಲಿ ಮಾಡಿ ಹೊರಟರು. ಅಕ್ಕ ಮರಳಲಿಲ್ಲ. ನಮ್ಮೆಲ್ಲರ ಬದುಕೂ ಹಾಗೇ ಅಲ್ಲವೇ, ಒಂದು ಸಹಿಯ ಮೇಲೆ ಇರುತ್ತೇವೆ, ಇನ್ನೊಂದು ಸಹಿಯ ಮೇಲೆ ಹೊರಡುತ್ತೇವೆ.

ಭಾವನವರು ಹೊರಡುವ ದಿನ ಅಕ್ಕನ ಕಿಯೊಂಡೊವನ್ನು ನಮ್ಮ ಬಾಗಿಲಿಗೆ ತಂದಿಟ್ಟರು. ಒಳಗೆ ಅವರು ತಮಗೇ ಎಂದು ಮೊದಲ ಬಾರಿ ಹೆಣೆಯುತ್ತಿದ್ದ ನೀಲಿ ಸ್ವೆಟರ್. ಮೈ ಮುಗಿದಿತ್ತು, ಒಂದು ತೋಳು ಮುಗಿದಿತ್ತು. ಇನ್ನೊಂದರ ನಲವತ್ತನಾಲ್ಕು ಕುಣಿಕೆ ಕಡ್ಡಿಯ ಮೇಲೇ ಇದ್ದವು. ಯಾರಿಗೂ ಮುಟ್ಟುವ ಧೈರ್ಯವಾಗಲಿಲ್ಲ. ಎರಡು ವರ್ಷ ಅದು ಹಾಗೇ ಕಪಾಟಿನ ಮೇಲಿತ್ತು. ಮತ್ತೆ ಸೇರಲು ಆರಂಭಿಸಿದ ಮೇಲೆ ಒಂದು ಶನಿವಾರ ಮಾಮಾ ಸ್ವೆಟಾ ಅದನ್ನು ಇಳಿಸಿ, ಯಾರನ್ನೂ ಕೇಳದೆ ಹೆಣೆಯತೊಡಗಿದರು. ಅಕ್ಕನದು ಸಡಿಲ ಕೈ, ಇವರದು ಬಿಗಿ. ತೋಳಿನ ನಡುವೆ ಎಲ್ಲಿ ಕೈ ಬದಲಾಯಿತೆಂದು ಸ್ಪಷ್ಟವಾಗಿ ಕಾಣುತ್ತದೆ. ಬಿಚ್ಚಿ ಒಂದೇ ಸಮ ಮಾಡೋಣವೇ ಎಂದು ಫೋನಿನಲ್ಲಿ ಕೇಳಿದೆವು. "ಬಿಚ್ಚಿದರ ನೋಡ್ರಿ! ಹಂಗ ಕಳಸ್ರಿ" ಎಂದರು ಅಕ್ಕ. ಊರಿಗೆ ಹೋಗುವವರ ಕೈಯಲ್ಲಿ ಕಳಿಸಿದೆವು. ಶ್ರಾವಣದ ಮಳೆಯಲ್ಲಿ ಹಾಕಿಕೊಳ್ಳುತ್ತಾರಂತೆ.

ಇತ್ತೀಚಿನ ಕೆಲಸಗಳ ಬಗ್ಗೆ ಎರಡು ಮಾತು. 2016ರಲ್ಲಿ ಚೆನ್ನೈಯಲ್ಲಿ ಮಹಿಳೆಯರು ಕ್ರೋಶದ ಚೌಕಗಳನ್ನು ಜೋಡಿಸಿ 11,148.5 ಚದರ ಮೀಟರಿನ ಕಂಬಳಿ ಮಾಡಿ ಗಿನ್ನೆಸ್ ದಾಖಲೆ ಬರೆದದ್ದನ್ನು ಕೇಳಿ ನಮಗೂ ಚೌಕದ ಕಂಬಳಿಯ ಹುಚ್ಚು ಹಿಡಿಯಿತು. ಆದರೆ 2024ರ ಏಪ್ರಿಲ್‌ನಲ್ಲಿ ಮಹಾಮಳೆಗೆ ಮುಕುರು ಕಡೆಯ ತಗಡಿನ ಮನೆಗಳಿಗೆ ನೀರು ನುಗ್ಗಿದಾಗ ನಮ್ಮ ಕಂಬಳಿ ಅರ್ಧವೂ ಆಗಿರಲಿಲ್ಲ. ಹೆಣೆದು ಮುಗಿಸುವವರೆಗೆ ಚಳಿ ಕಾಯುವುದಿಲ್ಲ. ಬಳಗದ ಚೀಟಿ ಹಣದಿಂದ (ಇಲ್ಲಿನವರು ಅದನ್ನು ಚಾಮಾ ಎನ್ನುತ್ತಾರೆ) ಅಂಗಡಿಯಲ್ಲಿ ಸಿದ್ಧ ಕಂಬಳಿ ಕೊಂಡು ಕೊಟ್ಟೆವು. ಚೌಕಗಳು ಇನ್ನೂ ಡಬ್ಬಿಯಲ್ಲಿವೆ, ಆತುರವಿಲ್ಲ.

ನಮ್ಮ ಮಕ್ಕಳ ವಿಷಯ ಹೇಳಿದರೆ ನಿಮಗೆ ಸಂತೋಷವಾದೀತು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಶನಿವಾರ ಕುಣಿಕೆ ಎಣಿಸುವುದು ಮಾತ್ರ ಕನ್ನಡದಲ್ಲಿ, ಏಕೆಂದರೆ ನಾವು ಎಣಿಸುವುದು ಹಾಗೆ. ನಲವತ್ತನಾಲ್ಕರವರೆಗೆ ತಪ್ಪಿಲ್ಲದೆ ಬರುತ್ತದೆ. ಮಾಮಾ ಸ್ವೆಟಾ ಅವರಿಗೂ ಬರುತ್ತದೆ. ಆಮೇಲಿನದು ಇಬ್ಬರಿಗೂ ಬಾರದು, ಕುಲಾವಿಗೆ ಅಷ್ಟೇ ಸಾಕಲ್ಲ.

ಅವರು ಇಂದು ಸಭೆಯಲ್ಲಿ ಬಲಗಡೆಯ ಮೂರನೆಯ ಸಾಲಿನಲ್ಲಿ ಬಾ ಅವರ ಪಕ್ಕ ಕೂತಿದ್ದಾರೆ. ಊಟದ ಹೊತ್ತಿಗೆ ಮಾತಾಡಿಸಿ. ನಿಮ್ಮ ಮಕ್ಕಳ ಶಾಲಾ ಸ್ವೆಟರ್ ಬೇಕಿದ್ದರೆ ಈಗಲೇ ಅಳತೆ ಕೊಡಿ, ಜನವರಿಯಲ್ಲಿ ನೂಕುನುಗ್ಗಲು. ಅವರು ಪುಕ್ಕಟೆ ಕೊಡುವುದಿಲ್ಲ. ಹೆಣೆಯಲು ಬರುವವರು ಶನಿವಾರ ಮೂರು ಗಂಟೆಗೆ ಬನ್ನಿ. ಕಡ್ಡಿ, ಉಲ್ಲನ್ ನಮ್ಮಲ್ಲಿದೆ. ಬರುವಾಗ ಒಂದು ಕಿತ್ತಳೆಹಣ್ಣು ತನ್ನಿ, ದೊಡ್ಡದಿರಲಿ.