ಶುಲ್ಕ ಕಟ್ಟುವ ಹೊತ್ತು



ಪಿಯುಸಿ ಫಲಿತಾಂಶ ಬಂದ ವಾರ ಬೆಳಗಾವಿ ಜಿಲ್ಲೆಯ ನಮ್ಮ ಏಕಸಂಬಿಯ ಯಾವ ಮನೆಗೆ ಹೋದರೂ ಒಂದೇ ಮಾತು: ಮುಂದೇನು? ಅಂಕಗಳಿಂದ ಶುರುವಾದ ಮಾತು ಸ್ವಲ್ಪ ಹೊತ್ತಿಗೆಲ್ಲ ಫೀ ಎಷ್ಟು, ರೂಮಿನ ಬಾಡಿಗೆ ಎಷ್ಟು, ಮೆಸ್ಸಿಗೆ ಎಷ್ಟು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಂದು ಹೆಚ್ಚಿನ ಮನೆಗಳಲ್ಲಿ ಮಕ್ಕಳು ಓದಬೇಕೋ ಬೇಡವೋ ಎಂಬ ತಕರಾರಿಲ್ಲ. ಏನು ಓದಬೇಕು, ಯಾವ ಊರಿನಲ್ಲಿ ಓದಬೇಕು ಎಂಬುದನ್ನು ಮಾತ್ರ ದುಡ್ಡೇ ತೀರ್ಮಾನಿಸುತ್ತದೆ. ಮಹಾರಾಷ್ಟ್ರಕ್ಕೆ ಹತ್ತಿದ ನಮ್ಮ ಗಡಿಸೀಮೆಯಲ್ಲಿ ಈ ಲೆಕ್ಕಾಚಾರಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಮೆಟ್ರಿಕ್ ಮುಗಿಸಿದ ಚಿಕ್ಕೋಡಿಯ ಹುಡುಗ ಪುಣೆಗೋ ಮುಂಬಯಿಗೋ ಹೋಗಬೇಕು, ಇಲ್ಲವೆ 1880ರಲ್ಲಿ ಆರಂಭವಾದ ಕೊಲ್ಹಾಪುರದ ರಾಜಾರಾಮ ಕಾಲೇಜು ಸೇರಬೇಕು. ಪರ ಊರಿನಲ್ಲಿ ಊಟ, ವಸತಿಯ ಹೊರೆಯೇ ದೊಡ್ಡದು. ನಮ್ಮ ನೆರೆಯ ಕಾಗಲದ ಘಾಟಗೆ ಮನೆತನದಿಂದ ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹು ಮಹಾರಾಜರು ಇದನ್ನು ಚೆನ್ನಾಗಿ ಅರಿತಿದ್ದರು. ಅವರ ನೆರವಿನಿಂದ 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಸತಿಗೃಹ ಶುರುವಾಯಿತು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ, ಅಸ್ಪೃಶ್ಯ ಸಮುದಾಯಗಳ ಮಕ್ಕಳಿಗೂ ಒಂದೊಂದಾಗಿ ಬೋರ್ಡಿಂಗುಗಳು ಎದ್ದವು. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿದು ಓದುವ ಪದ್ಧತಿಯನ್ನು ಹಳ್ಳಿ ಮಕ್ಕಳಿಗೆ ತೋರಿಸಿಕೊಟ್ಟರು.

ಬೆಳಗಾವಿ ಸೀಮೆಯಲ್ಲೂ ಕೈಗಳು ಮುಂದೆ ಬಂದವು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಎಷ್ಟೋ ಬಡ ಮಕ್ಕಳು ಓದಿ ಮೇಲೆ ಬಂದರು. 1916ರ ನವೆಂಬರ್ 13ರಂದು ಏಳು ಜನ ಸೇರಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಸ್ಥಾಪಿಸಿದರು. ದೇಸಾಯಿಯವರ ಹೆಸರು ಹೊತ್ತ ಲಿಂಗರಾಜ ಕಾಲೇಜು 1933ರಲ್ಲಿ ಬಂತು. ಹಿರಿಯರು ಶುಲ್ಕವನ್ನಷ್ಟೇ ನೋಡಲಿಲ್ಲ, ಹುಡುಗನ ರಾತ್ರಿಯ ಊಟವನ್ನೂ ಲೆಕ್ಕಕ್ಕೆ ಹಿಡಿದರು.

ರಾಜ್ಯಗಳ ಪುನರ್ವಿಂಗಡಣೆಯ ನಂತರ ನಿಪ್ಪಾಣಿಯಲ್ಲಿ ಅಪರೂಪದ ಸಂಗತಿಯೊಂದು ನಡೆಯಿತು. 1960ರಲ್ಲಿ ಊರಿಗೆ ಹತ್ತಿದಂತಿರುವ ಅರ್ಜುನನಗರದಲ್ಲಿ, ಅಂದರೆ ಮಹಾರಾಷ್ಟ್ರದ ಕಾಗಲ ತಾಲೂಕಿನಲ್ಲಿ, ದೇವಚಂದ ಕಾಲೇಜು ಹುಟ್ಟಿತು. ಮರುವರ್ಷ ಊರೊಳಗೆ ಕೆಎಲ್‌ಇಯ ಬಾಗೇವಾಡಿ ಕಾಲೇಜು ತೆರೆಯಿತು. ಒಂದು ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ, ಇನ್ನೊಂದು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿತು. ತಂಬಾಕು ಬೆಳೆಯುವವರ, ಬೀಡಿ ಕಟ್ಟುವವರ ಮಕ್ಕಳು ಮನೆಯ ಊಟ ಉಂಡು ಪದವಿ ಪಡೆಯುವಂತಾಯಿತು. ಆದರೆ ಹತ್ತಿರದ ಕಾಲೇಜಿನಲ್ಲಿ ಯಾವ ವಿಷಯವಿದೆಯೋ ಅದೇ ಅವರ ವಿಷಯವಾಯಿತು. ಡಾಕ್ಟರು, ಇಂಜಿನಿಯರು ಆಗುವ ಆಸೆಗೆ ಬೇರೆ ಬೆಲೆಯಿತ್ತು.

ಆ ಬೆಲೆಗೆ ಜನ ಇಟ್ಟ ಹೆಸರು ಡೊನೇಶನ್. ಅದನ್ನು ತಡೆಯಲು ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೂ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರವೇ 1989ರಲ್ಲಿ ನಿಗದಿ ಮಾಡಿದ ವಾರ್ಷಿಕ ಶುಲ್ಕ ಕೇಳಿ: ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ 25,000ದವರೆಗೆ, ಹೊರ ರಾಜ್ಯದವರಿಗೆ 60,000ದವರೆಗೆ. ಮೀರತ್‌ನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಆ ಶುಲ್ಕದ ವಿರುದ್ಧ ತೀರ್ಪು ಬಂತು. ಅದೇ ಕೋರ್ಟಿನ ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ವೃತ್ತಿಪರ ಕಾಲೇಜುಗಳ ಸೀಟುಗಳನ್ನು ಅರ್ಧ ಫ್ರೀ, ಅರ್ಧ ಪೇಮೆಂಟ್ ಎಂದು ಹಂಚಿತು. 1994ರಿಂದ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬಂದು, ರ‍್ಯಾಂಕ್ ಪಡೆದ ಹಳ್ಳಿ ಹುಡುಗನಿಗೂ ಒಳ್ಳೆಯ ಕಾಲೇಜಿನ ಬಾಗಿಲು ತೆರೆಯಿತು. 2002ರ ಟಿ.ಎಂ.ಎ. ಪೈ ತೀರ್ಪು ಆ ಹಂಚಿಕೆಯನ್ನು ಕೈಬಿಟ್ಟು, ಖಾಸಗಿ ಕಾಲೇಜುಗಳಿಗೆ ಶುಲ್ಕ ನಿಗದಿಯಲ್ಲಿ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು.

ಇನ್ನು ಇಂದಿನ ಮಾತು. ಬೆಳಗಾವಿಯಲ್ಲಿ 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯ, 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇವೆ. ಚಿಕ್ಕೋಡಿಯಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಸಹಾಯಧನಗಳೂ ಇವೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿಎ, ಬಿಕಾಂ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿ ಗೊತ್ತುಮಾಡಲಾಯಿತು. ಇಂಜಿನಿಯರಿಂಗಿಗೆ 10,000 ಮತ್ತು 11,000. ಹಾಗಿದ್ದೂ ಮಕ್ಕಳು ಬೇಕಾದ ಕೋರ್ಸು ಬಿಟ್ಟು ಸಿಕ್ಕ ಕೋರ್ಸು ಸೇರುವುದೇಕೆ?

ತಿಂಗಳುಗಳನ್ನು ನೋಡಿ. ದಾಖಲಾತಿ ಮುಂಗಾರಿನಲ್ಲಿ. ಆಗ ರೈತನ ಕೈಲಿದ್ದದ್ದು ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ದೂಧಗಂಗೆ ತುಂಬಿ ಏಕಸಂಬಿ–ದಾನವಾಡ ಸೇತುವೆ ಮುಳುಗಿದರೆ ಗದ್ದೆಗೂ ಗಂಡಾಂತರ. ಕಾರ್ಖಾನೆ ಕಬ್ಬು ನುರಿಸುವುದು ಚಳಿಗಾಲಕ್ಕೆ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂಬ ನಿಯಮವಿದ್ದರೂ ಬಿಲ್ಲು ತಡವಾಗುವುದು ರೈತರಿಗೆ ಹೊಸದಲ್ಲ. ವಿದ್ಯಾರ್ಥಿವೇತನವೂ ಅಷ್ಟೆ, ಮೊದಲು ಶುಲ್ಕ ಕಟ್ಟಿ, ಅರ್ಜಿ ಹಾಕಿ, ಆಮೇಲೆ ಖಾತೆಗೆ ಬರುವುದನ್ನು ಕಾಯಬೇಕು. ವರ್ಷವಿಡೀ ಕಂತಿನಲ್ಲಿ ಕಟ್ಟಬಲ್ಲ ಮನೆ ಒಂದೇ ವಾರದಲ್ಲಿ ಪೂರ್ತಿ ಕಟ್ಟಲಾರದು. ಆಗ ಅಣ್ಣನ ಸೀಟಿಗೆ ಕೈಸಾಲ ಹುಟ್ಟುತ್ತದೆ, ತಂಗಿ ಬಸ್ಸಿನಲ್ಲಿ ಹೋಗಿಬರುವ ಕಾಲೇಜಿಗೆ ಸೇರುತ್ತಾಳೆ.

ಕಟ್ಟುವ ಹೊತ್ತು ಎಷ್ಟು ಮುಖ್ಯ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ: 2012ರಲ್ಲಿ ಇಂಗ್ಲೆಂಡಿನಲ್ಲಿ ಪದವಿಯ ವಾರ್ಷಿಕ ಶುಲ್ಕದ ಮಿತಿ 9,000 ಪೌಂಡಿಗೆ ಏರಿತು. ಆದರೆ ಅಲ್ಲಿನ ಪೂರ್ಣಾವಧಿ ವಿದ್ಯಾರ್ಥಿಗಳು ಮುಂಗಡ ಕಟ್ಟಬೇಕಿರಲಿಲ್ಲ, ಕೆಲಸ ಸಿಕ್ಕಿ ಸಂಬಳ ಒಂದು ಮಟ್ಟ ದಾಟಿದ ಮೇಲೆ ತೀರಿಸುವ ಸಾಲವಿತ್ತು. ದುಡಿಯುತ್ತ ಓದುವ ಅರೆಕಾಲಿಕ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿಗೆ ಆ ಸಾಲ ಸಿಗಲಿಲ್ಲ, ಅವರ ಸಂಖ್ಯೆ ತೀರಾ ಕುಸಿಯಿತು. ಶುಲ್ಕ ಎಷ್ಟು ಎಂಬುದರಷ್ಟೇ ಯಾವಾಗ ಕಟ್ಟಬೇಕು ಎಂಬುದೂ ಮುಖ್ಯ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸರ್ಕಾರ ವಿದ್ಯಾರ್ಥಿವೇತನವನ್ನು ದಾಖಲಾತಿಯ ಹೊತ್ತಿಗೇ ಕೊಡಲಿ. ಕಾಲೇಜುಗಳು ರೈತ ಮಕ್ಕಳಿಂದ ಶುಲ್ಕವನ್ನು ಕಂತಿನಲ್ಲಿ ಪಡೆಯಲಿ. ಸಹಕಾರ ಸಂಘಗಳಿಗೆ ಹೆಸರಾದ ಸೀಮೆ ನಮ್ಮದು, ಕಬ್ಬಿನ ಬಿಲ್ಲು ಬರುವವರೆಗೆ ಶುಲ್ಕಕ್ಕಾಗಿ ಬಡ್ಡಿಯಿಲ್ಲದ ಸಾಲ ಕೊಡುವುದು ಅವುಗಳಿಗೆ ಭಾರವಾಗಲಾರದು. ತಂದೆತಾಯಂದಿರೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಈಗಲೇ ನಾಡಕಚೇರಿಯಿಂದ ಮಾಡಿಸಿಡಿ, ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ, ಮೆಟ್ರಿಕ್ ನಂತರದ ವಸತಿನಿಲಯಕ್ಕೆ ಗಡುವಿನೊಳಗೆ ಅರ್ಜಿ ಹಾಕಿ. ಮಗಳಿಗೂ ಮಗನಷ್ಟೇ ಮುತುವರ್ಜಿಯಿಂದ ಹಾಕಿ.