ನೀವಾರ: ತಾನಾಗಿ ಬೆಳೆದ ಹುಲ್ಲಿನ ಬೆಲೆ

ಉಳದೆ, ಬಿತ್ತದೆ, ತಾನಾಗಿ ಬೆಳೆಯುವ ಕಾಡುಭತ್ತಕ್ಕೆ ಸಂಸ್ಕೃತದಲ್ಲಿ ನೀವಾರವೆಂದು ಹೆಸರು. ಅಮರಕೋಶವು ಇದನ್ನು ತೃಣಧಾನ್ಯ, ಎಂದರೆ ಹುಲ್ಲಿನ ಧಾನ್ಯ, ಎಂದು ಕರೆದಿದೆ. ಕಾಳಿದಾಸನ ಶಾಕುಂತಲದ ಆಶ್ರಮವರ್ಣನೆಯಲ್ಲಿಯೂ ಇದರ ಮಾತು ಬರುತ್ತದೆ. 1965ರಲ್ಲಿ ಶರ್ಮಾ ಮತ್ತು ಶಾಸ್ತ್ರಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಒಂದು ಕಾಡುಭತ್ತಕ್ಕೆ ಈ ಹಳೆಯ ಪದವನ್ನೇ ಆರಿಸಿ ‘ಒರೈಜಾ ನಿವಾರಾ’ ಎಂದು ನಾಮಕರಣ ಮಾಡಿದರು.

ಕೆರೆಯಂಚಿನಲ್ಲಿ, ನೀರು ನಿಲ್ಲುವ ಗುಂಡಿಗಳಲ್ಲಿ ಬೆಳೆಯುವ ಈ ಹುಲ್ಲು ನಿಮಗೆ ಕಳೆಯೆಂದೇ ತೋರುವುದು. ಕಾಳಿನ ತುದಿಗೆ ಉದ್ದನೆಯ ಸುಂಕು. ಮಾಗಿದೊಡನೆ ಉದುರಿಹೋಗುವ ಸ್ವಭಾವ. ಗದ್ದೆಗೆ ನುಗ್ಗಿದರೆ ರೈತನಿಗೆ ಕಿರುಕುಳವೇ ಸರಿ. ಇಂಥದನ್ನು ಏಕೆ ಕಾಪಾಡಬೇಕೆಂದು ನೀವು ಕೇಳಬಹುದು. ಒಂದು ನಿದರ್ಶನವನ್ನು ಹೇಳುತ್ತೇನೆ.

ಕಳೆದ ಶತಮಾನದ ಅರವತ್ತು-ಎಪ್ಪತ್ತರ ದಶಕಗಳಲ್ಲಿ ಆಗ್ನೇಯ ಏಷ್ಯದ ಗದ್ದೆಗಳನ್ನು ಒಂದು ನಂಜುರೋಗ ಕಾಡಿತು. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಕಂದು ಜಿಗಿಹುಳು. ರೋಗ ಹಿಡಿದ ಭತ್ತ ಗಿಡ್ಡಾಗಿ, ಮಿತಿಮೀರಿ ತೆಂಡೆಯೊಡೆದು, ಬರಿಯ ಹುಲ್ಲಿನಂತಾಗುತ್ತದೆ. ತೆನೆ ಬರುವುದೇ ಅಪರೂಪ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 6,000ಕ್ಕೂ ಮೀರಿದ ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆಯುವ ಗುಣ ಸಿಕ್ಕಿದ್ದು ಒಂದೇ ಒಂದರಲ್ಲಿ: ಉತ್ತರ ಪ್ರದೇಶದಿಂದ ತಂದಿದ್ದ ನೀವಾರದಲ್ಲಿ. ಅದರಲ್ಲಿಯೂ ಕೆಲವೇ ಗಿಡಗಳಿಗೆ ಆ ಗುಣವಿತ್ತು. ಗುರುದೇವ್ ಖುಷ್ ಮತ್ತು ಅವರ ಸಂಗಡಿಗರು ಅದನ್ನು ಗದ್ದೆಯ ಭತ್ತಗಳೊಡನೆ ಸಂಕರಗೊಳಿಸಿದರು. ಆ ಗುಣವನ್ನು ಪಡೆದು 1976ರಲ್ಲಿ ಹೊರಬಂದ ಐ.ಆರ್. 36 ಎಂಬ ತಳಿ ಮುಂದೆ ಸುಮಾರು 1 ಕೋಟಿ ಹೆಕ್ಟೇರಿಗೆ ಹರಡಿತು.

ಆದುದರಿಂದ ಕಾಡುಹುಲ್ಲಿನ ಸಂಪತ್ತನ್ನು ಅಳೆಯುವುದೆಂದರೆ ಗಿಡಗಳ ತಲೆಯೆಣಿಕೆಯಲ್ಲ. ಅವುಗಳೊಳಗಿನ ಭೇದಗಳ ಎಣಿಕೆ. ನೀವಾರವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳುಗಟ್ಟುವ ಸಸ್ಯ. ಹಾಗಾಗಿ ಒಂದು ಕೊಳದ ಗಿಡಗಳು ಬಹುಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಕೊಳದಿಂದ ಕೊಳಕ್ಕೆ ಭೇದ ಹೆಚ್ಚು. ಆದರೂ ಗುಂಪಿನಲ್ಲಿ ಒಂದೆರಡು ಗಿಡಗಳಷ್ಟೇ ವಿಶೇಷವಾಗಿರಬಹುದೆಂಬುದಕ್ಕೆ ಮೇಲಿನ ನಿದರ್ಶನವೇ ಸಾಕ್ಷಿ. ಒಂದೆಡೆಯಿಂದ ಹಿಡಿ ತುಂಬ ಬೀಜ ತಂದರೆ ಸಾಲದು. ಊರೂರ ಕೊಳಗಳಲ್ಲಿ ಗಿಡಗಿಡದ ಬೀಜವನ್ನು ಬೇರೆಬೇರೆಯಾಗಿ ಆಯ್ದು, ಬೆಳೆಸಿ, ಎಲೆಯಿಂದ ತೆಗೆದ ಡಿ.ಎನ್.ಎ.ಯನ್ನು ಹೋಲಿಸಿ ನೋಡಬೇಕು. ಬೇರೆಲ್ಲಿಯೂ ಇಲ್ಲದ ಗುಣ ಯಾವ ಕೊಳದಲ್ಲಿದೆಯೆಂಬ ಸುಳಿವು ಆಗ ದೊರೆಯುತ್ತದೆ. ಪಕ್ಕದ ಗದ್ದೆಯ ಪರಾಗ ಬೆರೆತು ಕಾಡುಗುಣ ಕರಗುತ್ತಿದ್ದರೆ ಅದೂ ತಿಳಿಯುತ್ತದೆ.

ಬೀಜವನ್ನು ಶೀತಗೃಹದಲ್ಲಿ ಕಾಪಿಡಬಹುದು, ಇಡಲೂಬೇಕು. ಆದರೆ ಅಲ್ಲಿ ಅದು ನಿದ್ರಿಸುತ್ತದೆ. ಹೊಸ ರೋಗ, ಹೊಸ ಬರಗಳೊಡನೆ ಸೆಣಸಿ ಬದಲಾಗುವುದು ಕೊಳದ ಕೆಸರಿನಲ್ಲಿ ಮಾತ್ರ. ನಿಮ್ಮ ಊರಂಚಿನ ಕೊಳವನ್ನು ಮಣ್ಣು ತುಂಬಿ ನಿವೇಶನ ಮಾಡುವ ಮಾತು ಬಂದಾಗ, ಅಲ್ಲಿ ಏನು ಬೆಳೆದಿದೆಯೆಂದು ಮೊದಲು ಕೇಳಿರಿ. ನಾಳೆಯ ಅನ್ನಕ್ಕೆ ಬೇಕಾದ ಮದ್ದು ಅಲ್ಲಿಯೇ ಇದ್ದೀತು.